ಬೆಂಚು ಕೊಯ್ಯದ ಬಡಗಿ

ಆ ಬಡಗಿಗೆ ಅವನ ಕಸುಬಿನವರೇ ಇಟ್ಟ ಅಡ್ಡಹೆಸರು ಮೂಲೆಮಟ್ಟ. ಎರಡು ಹಲಗೆ ಕೂಡುವ ಕಡೆ ಮೂಲೆ ನೆಟ್ಟಗಿದೆಯೋ ಇಲ್ಲವೋ ಎಂದು ಇಟ್ಟು ನೋಡುವ ಉಪಕರಣದ ಹೆಸರದು. ಯಾರ ಮನೆಗೆ ಹೋದರೂ ಇವನ ಕಣ್ಣು ಮೊದಲು ಬೀಳುವುದು ಬಾಗಿಲ ಚೌಕಟ್ಟಿನ ಮೇಲೆ. ಮನೆಯವರು ಕೂತ್ಕೊಳ್ಳಿ ಎನ್ನುವುದರೊಳಗೆ "ಈ ಬಾಗಿಲು ಎಡಕ್ಕೆ ವಾಲಿದೆ" ಎಂದಿರುತ್ತಾನೆ. ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎಂಬುದು ಅವನಿಗೂ ಗೊತ್ತು. ಆದರೆ ಬಾಯಿ ಕೇಳಬೇಕಲ್ಲ.

ಹೆಂಡತಿ ಸಿಕ್ಕಿದ್ದೂ ಈ ಬಾಯಿಯಿಂದಲೇ. ಹರೆಯದಲ್ಲಿ ಒಂದು ಶಾಲೆಯ ಕಿಟಕಿ ರಿಪೇರಿಗೆ ಹೋದವನು, ಪಾಠ ಮಾಡುತ್ತಿದ್ದ ಟೀಚರನ್ನು ತಡೆದು "ನಿಮ್ಮ ಕಪ್ಪುಹಲಗೆ ಸೊಟ್ಟಗಿದೆ" ಎಂದ. "ಹಲಗೆ ಸೊಟ್ಟಗಿದ್ರೆ ಇರಲಿ, ಅದರ ಮೇಲಿನ ಅಕ್ಷರ ನೆಟ್ಟಗಿದೆಯಲ್ಲ" ಎಂದಳು ಟೀಚರು, ತಿರುಗಿಯೂ ನೋಡದೆ. ಮಕ್ಕಳೆಲ್ಲ ನಕ್ಕರು. ಮರುದಿನ ಅವನು ಯಾರೂ ಕರೆಯದಿದ್ದರೂ ಹೋಗಿ ಆ ಹಲಗೆಯನ್ನು ಸರಿಮಾಡಿ ಬಂದ. ಆಮೇಲೆ ಆ ಶಾಲೆಯಲ್ಲಿ ಸರಿಯಾಗಿದ್ದ ವಸ್ತುಗಳೂ ಒಂದೊಂದಾಗಿ ಕೆಟ್ಟುಹೋಗಲು ಶುರುವಾದವು.

ತೊಡಕಿದ್ದದ್ದು ಒಂದೇ. ಅವನು ಕ್ಯಾಥೊಲಿಕ್, ಅವಳು ಪ್ರೊಟೆಸ್ಟಂಟ್. ಒಬ್ಬನೇ ಕ್ರಿಸ್ತ, ಒಂದೇ ಶಿಲುಬೆ. ಆದರೂ ನಡುವೆ ನಾಲ್ಕೈದು ಶತಮಾನಗಳ ಜಗಳ. ಅವನ ಮನೆಯಲ್ಲಿ ಮಾತೆ ಮರಿಯಳ ಪಟ, ಸಂತರ ಪಟ, ಜಪಸರ. ಅವಳ ಮನೆಯಲ್ಲಿ ಬರಿಯ ಗೋಡೆ, ಅದರ ಮೇಲೆ ಬೈಬಲಿನ ಒಂದು ವಾಕ್ಯ. ಇವರಿಗೆ ರೋಮಿನ ಪೋಪ್ ಗುರುಗಳು ಹೇಳಿದ್ದು ಮಾತು, ಅವರಿಗೆ ಪುಸ್ತಕದಲ್ಲಿ ಇದ್ದದ್ದೇ ಮಾತು. ಆ ಪುಸ್ತಕವಾದರೂ ಒಂದೇ ಎನ್ನೋಣವೆಂದರೆ ಇವರ ಪುಸ್ತಕದಲ್ಲಿ ಏಳು ಭಾಗ ಹೆಚ್ಚು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂದು ಎರಡೂ ಕಡೆಯ ನೆಂಟರು ಭವಿಷ್ಯ ನುಡಿದು, ಮದುವೆಗೆ ಬಂದು, ಊಟ ಮಾಡಿ ಹೋದರು.

ಬಡಗಿಯ ತಾಯಿಯದು ಇನ್ನೊಂದು ಹಟ. ಸೊಸೆಗೆ ನಮ್ಮ ಚರ್ಚಿನಲ್ಲಿ ಮತ್ತೊಮ್ಮೆ ದೀಕ್ಷಾಸ್ನಾನ ಆಗಲೇಬೇಕು ಎಂದು ಪಟ್ಟು ಹಿಡಿದಳು. ಆಗಿದ್ದ ಮುದಿ ಫಾದರ್ ತಲೆಯಾಡಿಸಿಬಿಟ್ಟರು. "ಆಗಲ್ಲಮ್ಮ. ಅವಳ ಚರ್ಚಿನ ಸಭೆಯಲ್ಲಿ ತಲೆ ಮೇಲೆ ಸುರಿದದ್ದೂ ಅದೇ ನೀರು, ಹೇಳಿದ್ದೂ ಅದೇ ಹೆಸರು. ಇನ್ನೊಂದು ಸಲ ಮಾಡಿದ್ರೆ ಮೊದಲಿನದು ಸುಳ್ಳು ಅಂದ ಹಾಗೆ ಆಗುತ್ತೆ" ಎಂದರು. ಅತ್ತೆಯ ಮುಖ ಬಾಡಿತು, ಸೊಸೆಯ ಮುಖ ಅರಳಿತು. ನೀರಿನಲ್ಲಿ ನಾವು ಒಂದೇ ಎಂದು ಅವಳು ಆ ದಿನ ಗಟ್ಟಿಮಾಡಿಕೊಂಡಳು. ಆ ಗಟ್ಟಿತನ ಅವಳಲ್ಲಿ ಮತ್ತೆ ಕರಗಲಿಲ್ಲ.

ನೀರು ಒಂದಾದರೂ ಊಟ ಬೇರೆಯಾಗಿಯೇ ಉಳಿಯಿತು. ಮದುವೆಯಾದ ಹೊಸತರಲ್ಲಿ ಅವಳು ಗಂಡನ ಜೊತೆ ಅವನ ಚರ್ಚಿಗೆ ಹೋದಳು. ಫಾದರ್ ಕೈಯಿಂದ ಪವಿತ್ರ ರೊಟ್ಟಿ ಪಡೆಯುವ ಪರಮಪ್ರಸಾದದ ಹೊತ್ತಿಗೆ ಸಾಲಿನವರೆಲ್ಲ ಎದ್ದು ಮುಂದೆ ಹೋದರು. ಬೇರೆ ಸಭೆಯವರಿಗೆ ಅದು ಸಲ್ಲುವುದಿಲ್ಲವಾದ್ದರಿಂದ ಅವಳೊಬ್ಬಳೇ ಕೂತಳು. ಹೋಗುವವರು ಅವಳ ಮೊಣಕಾಲು ದಾಟಿ ಹೋದರು, ಬರುವವರು ದಾಟಿ ಬಂದರು. ಮನೆಗೆ ಬಂದು ಹೇಳಿದಳು: "ಕಾಲು ಮಡಚಿ ದಾರಿ ಬಿಡೋಕೆ ಒಬ್ಬರು ಬೇಕಿದ್ರೆ ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗಿ. ನಾನು ಬರಲ್ಲ." ಅವಳ ಸಭೆಯಲ್ಲಿ ಅವನಿಗಾದದ್ದೂ ಅದೇ. ಅಲ್ಲಿ ರೊಟ್ಟಿಯ ತಟ್ಟೆ ಬೆಂಚಿನಿಂದ ಬೆಂಚಿಗೆ ಕೈದಾಟಿ ಬರುತ್ತದೆ. ಅವನ ಕೈಗೂ ಬಂತು. ತನ್ನ ಚರ್ಚಿನ ನಿಯಮ ನೆನೆದು, ಬಿಸಿ ಪಾತ್ರೆ ಹಿಡಿದವನಂತೆ ಪಕ್ಕದವರಿಗೆ ದಾಟಿಸಿದ. ಅಂದಿನಿಂದ ಪ್ರತಿ ಭಾನುವಾರ ಇಬ್ಬರೂ ಒಟ್ಟಿಗೆ ಮನೆ ಬಿಟ್ಟು, ರಸ್ತೆ ಕವಲೊಡೆಯುವ ಕಡೆ ಬೇರೆಯಾಗಿ, ಮುಗಿದ ಮೇಲೆ ಅಲ್ಲೇ ಸೇರಿ ಮನೆಗೆ ಬರುತ್ತಿದ್ದರು. ಆರಾಧನೆ ಬೇಗ ಮುಗಿದವರು ಕಾಯಬೇಕು. ಅವಳ ಸಭೆಯ ಉಪದೇಶ ಉದ್ದ, ಹಾಗಾಗಿ ಕಾದವನು ಹೆಚ್ಚಾಗಿ ಅವನೇ.

ಹೀಗೆ ಆಯುಷ್ಯದ ಬಹುಪಾಲು ಕಳೆಯಿತು. ಅವಳು ಕೆಲಸದಿಂದ ನಿವೃತ್ತಳಾದಳು, ಅವನ ತಲೆಗೂದಲು ಮರದ ಹೊಟ್ಟಿನ ಬಣ್ಣಕ್ಕೆ ತಿರುಗಿತು. ಆಮೇಲೆ ಅವಳ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಯಂತ್ರದ ಪಕ್ಕ ಮಲಗುವುದು, ರಕ್ತ ಹೊರಗೆ ಹೋಗಿ ತೊಳೆದುಕೊಂಡು ಬರುವವರೆಗೆ ಚಾವಣಿ ನೋಡುವುದು. ಮುಗಿದ ಕೂಡಲೇ ಎದ್ದರೆ ತಲೆ ಸುತ್ತುತ್ತಿತ್ತು. ಸ್ವಲ್ಪ ಹೊತ್ತು ಕೂತು ಸುಧಾರಿಸಿಕೊಳ್ಳಲು ಅದೇ ಮಹಡಿಯಲ್ಲೊಂದು ಕೋಣೆಯಿತ್ತು.

ಅದು ಪ್ರಾರ್ಥನೆಯ ಕೋಣೆ. ಆ ಆಸ್ಪತ್ರೆಯನ್ನು ಎಂದೋ ಎರಡೂ ಚರ್ಚಿನವರು ಸೇರಿ ಕಟ್ಟಿಸಿದ್ದರು. ಮೊದಲು ಹಾಸಿಗೆ ಬಟ್ಟೆ ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿ, ಹಳೆಯ ಉದ್ದನೆಯ ಬೆಂಚುಗಳನ್ನು ಹಾಕಿ, ಯಾರು ಬೇಕಾದರೂ ಬಂದು ಕೂರಲಿ ಎಂದು ಬಿಟ್ಟಿದ್ದರು. ಮುಂದೆ ಏನೂ ಇರಲಿಲ್ಲ, ಬರಿಯ ಬಿಳಿ ಗೋಡೆ. ಗಂಡ ಹೆಂಡತಿ ಹಿಂದಿನ ಬೆಂಚಿನಲ್ಲಿ ಪಕ್ಕಪಕ್ಕ ಕೂರುತ್ತಿದ್ದರು. ಅವನು ಜಪಸರ ತಿರುಗಿಸುತ್ತಿದ್ದ, ಅವಳು ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಿದ್ದಳು. ಅಷ್ಟು ವರ್ಷದ ಸಂಸಾರದಲ್ಲಿ ದೇವರ ಮುಂದೆ ಇಬ್ಬರೂ ಮನೆಯವರಾಗಿ ಕೂತದ್ದು ಅಲ್ಲೇ ಮೊದಲು. ಕಾಯಿಲೆ ಕೊಟ್ಟ ದೇವರು ಜೊತೆಗೆ ಈ ಬೆಂಚನ್ನೂ ಕೊಟ್ಟನಲ್ಲ ಎಂದು ಬಡಗಿ ಒಮ್ಮೊಮ್ಮೆ ಅಂದುಕೊಳ್ಳುತ್ತಿದ್ದ. ಅಂದುಕೊಂಡು ನಾಚುತ್ತಿದ್ದ.

ಕೆಟ್ಟದ್ದು ಯಾವಾಗ ಎಂದರೆ, ಆಸ್ಪತ್ರೆಗೆ ಬಣ್ಣ ಬಳಿಸಿದ ವರ್ಷ. ಕೋಣೆ ಹೊಸದಾಗಿ ಕಂಡಿತು. ಹೊಸದಾಗಿ ಕಂಡ ಕೂಡಲೇ ಮುಂದಿನ ಖಾಲಿ ಜಾಗ ಎಲ್ಲರ ಕಣ್ಣಿಗೆ ಬಿತ್ತು. ಇಲ್ಲಿ ಒಂದು ಮೇಜು ಇದ್ದರೆ ರೋಗಿಗಳಿಗಾಗಿ ಇಲ್ಲೇ ಆರಾಧನೆ ನಡೆಸಬಹುದು ಎಂದರು. ಒಳ್ಳೆಯ ಮಾತೇ. ಅವನ ಚರ್ಚಿನ ಈಗಿನ ಫಾದರ್, ಅವಳ ಸಭೆಯ ಪಾಸ್ಟರ್ ಇಬ್ಬರನ್ನೂ ಕೂರಿಸಿ ಎಂಥ ಮೇಜು ಬೇಕು ಎಂದು ಕೇಳಿದಳು ಆಸ್ಪತ್ರೆಯ ಮೇಟ್ರನ್. ಅಲ್ಲಿಂದ ಜಗಳ ಶುರುವಾಯಿತು.

ಇಬ್ಬರೂ ಒಳ್ಳೆಯವರು. ಫಾದರ್ ದಪ್ಪ, ನಗುಮುಖ. ಪಾಸ್ಟರ್ ಸಣಕಲು, ಮೆಲುಮಾತು. ದಾರಿಯಲ್ಲಿ ಸಿಕ್ಕರೆ ಒಬ್ಬರ ಕೈ ಒಬ್ಬರು ಬಿಡುತ್ತಿರಲಿಲ್ಲ. ಆದರೆ ಮೇಜಿನ ವಿಷಯ ಬಂದಾಗ ಇಬ್ಬರೂ ಬಂಡೆ. ಫಾದರ್ ಹೇಳಿದರು: ಅದು ಮೇಜಲ್ಲ, ಬಲಿಪೀಠ. ಶಿಲುಬೆಯ ಮೇಲಿನ ಬಲಿ ಅಲ್ಲಿ ನಮ್ಮ ಕಣ್ಣೆದುರು ಬರುತ್ತದೆ. ರೊಟ್ಟಿಯಲ್ಲಿ ಪ್ರಭು ತಾನೇ ಇರುತ್ತಾನೆ. ಮುಂಭಾಗ ಮುಚ್ಚಿರಬೇಕು, ಗಂಭೀರವಾಗಿರಬೇಕು, ಚಹಾ ಕುಡಿಯುವ ಮೇಜಿನಂತೆ ಇರಬಾರದು. ಪಾಸ್ಟರ್ ಹೇಳಿದರು: ಬಲಿ ಒಂದೇ ಸಲ ಆಯಿತು, ಮುಗಿಯಿತು. ಇದು ಕರ್ತನು ತನ್ನವರನ್ನು ಕೂರಿಸಿ ಬಡಿಸಿದ ಊಟದ ಮೇಜು. ನಾಲ್ಕು ಕಾಲು ಕಾಣಬೇಕು, ಸುತ್ತ ಜನ ನಿಲ್ಲುವಂತಿರಬೇಕು. ಎರಡು ಸಭೆ ನಡೆಯಿತು, ಮೂರನೆಯದೂ ನಡೆಯಿತು. ಮೇಟ್ರನ್ ನೂರಾರು ರೋಗಿಗಳನ್ನು ಸಂಭಾಳಿಸಿದ ಗಟ್ಟಿಗಿತ್ತಿ, ಅವಳಿಗೂ ಸಾಕಾಯಿತು. "ನಡುವೆ ಒಂದು ಪಾರ್ಟಿಷನ್ ಹಾಕಿಸ್ತೀನಿ. ಆಚೆ ನಿಮ್ಮ ಬಲಿಪೀಠ, ಈಚೆ ಇವರ ಮೇಜು. ಇನ್ನು ನನ್ನ ತಲೆ ತಿನ್ನಬೇಡಿ" ಎಂದಳು.

ಪಾರ್ಟಿಷನ್ ಹಾಕಲು ಕರೆದದ್ದು ಯಾರನ್ನು ಎಂದರೆ ಮೂಲೆಮಟ್ಟನನ್ನೇ. ಇಡೀ ಆಸ್ಪತ್ರೆಯ ಬಾಗಿಲು ಕಿಟಕಿಗಳೆಲ್ಲ ಅವನ ಕೈಯಲ್ಲಿದ್ದವು.

ಅವನು ಟೇಪು ಹಿಡಿದು ಕೋಣೆ ಅಳೆದ. ನಡುವಿನ ಗೆರೆ ಬೆಂಚುಗಳ ಮೇಲೇ ಹಾದು ಹೋಗುತ್ತಿತ್ತು. ಬೆಂಚುಗಳು ಗೋಡೆಯಿಂದ ಗೋಡೆಗೆ ಚಾಚಿದ ಉದ್ದನೆಯವು, ಒಂದೇ ಹಲಗೆಯವು. ಅಂಥ ಹಲಗೆ ಈಗ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಪಾರ್ಟಿಷನ್ ನಿಲ್ಲಬೇಕಾದರೆ ಪ್ರತಿಯೊಂದನ್ನೂ ನಡುವೆ ಕೊಯ್ಯಬೇಕು. ಹಿಂದಿನ ಬೆಂಚಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯಲು ಬಗ್ಗಿದ. ಗೆರೆ ಬೀಳಬೇಕಾದ ಜಾಗ ತಾನೂ ಹೆಂಡತಿಯೂ ಕೂರುವ ಜಾಗದ ನಟ್ಟನಡುವೆ ಇತ್ತು. ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಎದ್ದು ಬಂದ.

ಕೆಲಸ ಮಾಡದಿರಲು ಅವನು ಬಾಯಿಬಿಟ್ಟು ಹೇಳಬಹುದಾಗಿದ್ದ ಕಾರಣ ಒಂದೇ: ಹಲಗೆಯ ಚೆಲುವು. ಆದರೆ ನಿಜವಾದ ಕಾರಣ ಅದಲ್ಲ ಎಂದು ಅವನಿಗೇ ಗೊತ್ತಿತ್ತು. ಪಾರ್ಟಿಷನ್ ಬಂದ ಮೇಲೆ ಆಚೆ ಕೂತರೆ ಅವಳು ಹೊರಗಿನವಳು, ಈಚೆ ಕೂತರೆ ಇವನು ಹೊರಗಿನವನು. ಇಬ್ಬರಿಗೂ ಸೇರಿದ ಜಾಗ ಭೂಮಿಯ ಮೇಲೆ ಇದ್ದದ್ದು ಅಷ್ಟೇ ಅಗಲ, ಅದಕ್ಕೂ ಗರಗಸ ಹಾಕಬೇಕಾಗಿತ್ತು. ಅವಳಿಗೆ ಇನ್ನೆಷ್ಟು ದಿನ ಉಳಿದಿವೆಯೋ ಎಂಬ ಭಯವೂ ಒಳಗೆ ಕೊರೆಯುತ್ತಿತ್ತು. ಇದನ್ನು ಯಾರ ಮುಂದೆ ಹೇಳುವುದು? ಹುಟ್ಟಿದಾರಭ್ಯ ಸುಳ್ಳು ಹೇಳದ ಮೂಲೆಮಟ್ಟ ಮೇಟ್ರನ್ ಹತ್ತಿರ ಹೋಗಿ "ಮರ ಇನ್ನೂ ಒಣಗಿಲ್ಲಮ್ಮ, ಸ್ವಲ್ಪ ತಡವಾಗುತ್ತೆ" ಎಂದುಬಿಟ್ಟ. ಮುಂದಿನ ವಾರವೂ ಅದನ್ನೇ ಹೇಳಿದ. ಅದರ ಮುಂದಿನ ವಾರ ಮೋಡ ಕವಿದಿದೆ ಎಂದು ಸೇರಿಸಿದ.

ಮೇಟ್ರನ್ ಈ ಸಂಗತಿಯನ್ನು ಡಯಾಲಿಸಿಸ್‌ಗೆ ಮಲಗಿದ್ದ ಹೆಂಡತಿಯ ಕಿವಿಗೆ ಹಾಕಿದಳು. ಮನೆಗೆ ಬಂದು ಕುರ್ಚಿಯಲ್ಲಿ ಒರಗಿದ ಮೇಲೆ ಹೆಂಡತಿ ಕೇಳಿದಳು.

"ರೀ, ಆ ಪಾರ್ಟಿಷನ್ ಯಾವುದರಲ್ಲಿ ಮಾಡೋದು?"

"ಪ್ಲೈವುಡ್‌ನಲ್ಲಿ."

"ಪ್ಲೈವುಡ್ ಯಾವಾಗಿಂದ ಬಿಸಿಲಿಗೆ ಒಣಗಿಸ್ತೀರಿ?"

ಮೂಲೆಮಟ್ಟ ಸಿಕ್ಕಿಬಿದ್ದ. ಅಂಗಡಿಯಿಂದ ಒಣಗಿಯೇ ಬರುವ ವಸ್ತುವಿನ ಬಗ್ಗೆ ಇಷ್ಟು ವಾರ ಹಸಿ ಸುಳ್ಳು ಹೇಳಿದ್ದ. ಅಭ್ಯಾಸವಿಲ್ಲದವನು ಕಳ್ಳತನಕ್ಕೆ ಹೋದರೆ ಮೊದಲು ಎಡವುವುದು ಹೊಸ್ತಿಲಿಗೇ.

"ಆ ಬೆಂಚು ಕೊಯ್ಯಕ್ಕೆ ನನ್ನ ಕೈಲಾಗಲ್ಲ" ಎಂದ, ತಲೆ ತಗ್ಗಿಸಿ. "ನಾವಿಬ್ಬರೂ ಕೂರೋ ಜಾಗದಲ್ಲೇ ಗೆರೆ ಬೀಳುತ್ತೆ."

ಅವಳ ಕಣ್ಣು ತುಂಬಿತು, ಆದರೆ ದನಿ ಟೀಚರಿನದೇ ಆಗಿತ್ತು. "ಹಾಗಾದ್ರೆ ಹಾಗಂತಲೇ ಹೋಗಿ ಹೇಳಿ. ಸೊಟ್ಟಗಿರೋ ಬಾಗಿಲಿಗೆಲ್ಲ ಹೇಳ್ತೀರಿ, ಇದಕ್ಕೆ ಯಾಕೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತು? ಫಾದರ್ ಇರಲಿ, ಪಾಸ್ಟರ್ ಇರಲಿ, ಕೇಳಿಸ್ಕೊಳ್ತಾರೆ. ಅವರೇನು ಹುಲಿನಾ ಕರಡಿನಾ?"

ಎರಡು ದಿನ ಬಿಟ್ಟು ಆ ಕೋಣೆಯಲ್ಲೇ ಎಲ್ಲರೂ ಸೇರಿದರು. ಮೇಟ್ರನ್ ನಿಂತಿದ್ದಳು, ಫಾದರ್ ಒಂದು ಬೆಂಚಿನಲ್ಲಿ, ಪಾಸ್ಟರ್ ಇನ್ನೊಂದರಲ್ಲಿ. ಬಡಗಿ ಗರಗಸ ತಂದಿರಲಿಲ್ಲ. ಕೈಕಟ್ಟಿ ನಿಂತು, ಗಂಟಲು ಸರಿಮಾಡಿಕೊಂಡ.

"ಮರ ಒಣಗಿಲ್ಲ ಅಂದದ್ದು ಸುಳ್ಳು. ನಾನು ಈ ಪಾರ್ಟಿಷನ್ ಹಾಕಲ್ಲ. ಬೇರೆಯವರು ಹಾಕಬಹುದು, ತಡೆಯೋಕೆ ನಾನ್ಯಾರು. ಆದ್ರೆ ಒಂದು ಮಾತು ಹೇಳ್ತೀನಿ. ಫಾದರ್, ನಮ್ಮ ಚರ್ಚು ಬೇಡ ಅಂದದ್ದಕ್ಕೆ ನಾನು ಇವತ್ತಿನವರೆಗೆ ಅವಳ ಸಭೆಯ ರೊಟ್ಟಿ ಮುಟ್ಟಿಲ್ಲ. ಅವಳೂ ನಮ್ಮದನ್ನ ಕೇಳಿಲ್ಲ. ನಿಯಮ ನಿಯಮವೇ, ನಾನು ಜಗಳ ತೆಗೀತಿಲ್ಲ. ಬಲಿನೋ ಊಟನೋ ನನಗೆ ಗೊತ್ತಿಲ್ಲ, ಅದನ್ನ ನೀವು ಓದಿದವರು ಇತ್ಯರ್ಥ ಮಾಡಿ. ಆದ್ರೆ ಪಕ್ಕದಲ್ಲಿ ಕೂರಬೇಡಿ ಅಂತ ಯಾವ ಪುಸ್ತಕದಲ್ಲಿದೆ? ನಮಗಿಬ್ಬರಿಗೂ ಸೇರಿ ಉಳಿದಿರೋದು ಈ ಬೆಂಚು ಒಂದೇ."

ಹೊರಗೆ ಯಾವುದೋ ಸ್ಟ್ರೆಚರಿನ ಚಕ್ರ ಕಿರುಗುಟ್ಟುತ್ತ ಹೋಯಿತು. ಮೊದಲು ಬಾಯಿಬಿಟ್ಟವರು ಪಾಸ್ಟರ್. "ನಾವು ಮೇಜಿನ ಬಗ್ಗೆ ಅಷ್ಟು ಮಾತಾಡಿದ್ವಿ. ಬೆಂಚಲ್ಲಿ ಯಾರು ಕೂತಿದ್ದಾರೆ ಅಂತ ನೋಡಲಿಲ್ಲ" ಎಂದರು. ಫಾದರ್ ಹಣೆ ಉಜ್ಜಿಕೊಂಡರು. ನನ್ನ ನಂಬಿಕೆಯಲ್ಲಿ ಒಂದಕ್ಷರ ಬಿಡಲಾರೆ ಎಂದು ಮೊದಲು ಸ್ಪಷ್ಟಪಡಿಸಿ, ಆಮೇಲೆ ಒಪ್ಪಿಕೊಂಡರು: ಚರ್ಚಿನ ಹೊರಗೆ, ರೋಗಿಗಳ ನಡುವೆ, ಯೋಗ್ಯವಾದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಶಿಲುಬೆ ಮೇಣದಬತ್ತಿ ಇಟ್ಟು ಪೂಜೆ ಅರ್ಪಿಸಲು ನಮ್ಮಲ್ಲಿ ಅಡ್ಡಿಯಿಲ್ಲ. ಜಗಳದ ಭರದಲ್ಲಿ ಅದನ್ನು ಹೇಳಲು ಮನಸ್ಸು ಬರಲಿಲ್ಲ ಅಷ್ಟೇ. ಪಾಸ್ಟರ್ ನಕ್ಕು, ಮುಂಭಾಗ ಮುಚ್ಚಿದ ಮಾತ್ರಕ್ಕೆ ನಮ್ಮ ಕರ್ತ ಊಟಕ್ಕೆ ಬಾರದಿರುವುದಿಲ್ಲ ಎಂದರು. ಮೇಟ್ರನ್ ಇಬ್ಬರನ್ನೂ ಒಮ್ಮೆ ನೋಡಿ, "ಇದನ್ನ ಮೊದಲನೇ ಸಭೆಯಲ್ಲೇ ಹೇಳೋಕೆ ಏನಾಗಿತ್ತು ನಿಮಗೆ?" ಎಂದು ಕೆಲಸಕ್ಕೆ ಹೊರಟುಹೋದಳು.

ಬಡಗಿ ಮೇಜು ಮಾಡಲು ಕೂತ. ಇದಕ್ಕೆ ಪ್ಲೈವುಡ್ ಮುಟ್ಟಲಿಲ್ಲ, ಒಳ್ಳೆಯ ಗಟ್ಟಿ ಮರ ತಂದ. ಅದು ನಿಜವಾಗಿಯೂ ಒಣಗಿತ್ತು. ಮೊಳೆ ಹೊಡೆಯದೆ, ಒಂದು ಮರದ ತುದಿಯಲ್ಲಿ ನಾಲಿಗೆ ಬಿಟ್ಟು ಇನ್ನೊಂದರಲ್ಲಿ ಅದಕ್ಕೆ ತಕ್ಕ ತೂತು ಕೊರೆದು ಕೂಡಿಸಿದ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಮುಂಭಾಗಕ್ಕೆ ಒಂದು ಹಲಗೆ ಮಾಡಿದ. ಕಾಲುಗಳಲ್ಲಿ ಕೊರೆದ ಸಂದಿನಲ್ಲಿ ಅದನ್ನು ಮೇಲಿನಿಂದ ಇಳಿಸಿದರೆ ಫಾದರ್ ಕೇಳಿದ ಬಲಿಪೀಠ, ಎತ್ತಿ ತೆಗೆದರೆ ಪಾಸ್ಟರ್ ಕೇಳಿದ ಮೇಜು. ತನ್ನ ಜಾಣತನಕ್ಕೆ ತಾನೇ ಬೀಗಿ, ದಿನಕ್ಕೆ ನಾಲ್ಕು ಸಲ ಅದನ್ನು ಇಳಿಸಿ ಎತ್ತಿ ಮಾಡುತ್ತಿದ್ದ. "ಸವೆದು ಹೋದೀತು, ಬಿಡಿ" ಎಂದು ಹೆಂಡತಿ ನಗುತ್ತಿದ್ದಳು.

ಮೊದಲ ವಾರವೇ ಎಡವಟ್ಟಾಯಿತು. ಪಾಸ್ಟರಿಗೆ ಮುಜುಗರವಾಗಬಾರದೆಂದು ಫಾದರ್ ಹಲಗೆಯನ್ನು ತೆಗೆಸಿ, ತೆರೆದ ಮೇಜಿನ ಮೇಲೇ ಪೂಜೆ ಮಾಡಿದರು. ಫಾದರಿಗೆ ಬೇಸರವಾಗಬಾರದೆಂದು ಪಾಸ್ಟರ್ ಹಲಗೆಯನ್ನು ಹಾಕಿಸಿ, ಮುಚ್ಚಿದ ಮೇಜಿನ ಮುಂದೇ ಆರಾಧನೆ ನಡೆಸಿದರು. ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಎರಡನೆಯ ವಾರವೂ ಹಾಗೇ. ಇಡೀ ಕ್ರೈಸ್ತಲೋಕ ಶತಮಾನಗಟ್ಟಲೆ ಬಿಡದೆ ಹಿಡಿದದ್ದನ್ನು ಈ ಇಬ್ಬರು ಸೌಜನ್ಯದಲ್ಲಿ ಅದಲುಬದಲು ಮಾಡಿಕೊಂಡಿದ್ದರು. ಬಡಗಿಗೆ ಮಾತ್ರ ಸಿಟ್ಟು ಬಂತು. "ಇದಕ್ಕಾ ನಾನು ಅಷ್ಟು ಕಷ್ಟಪಟ್ಟು ಸಂದು ಕೊರೆದದ್ದು? ಅವರದ್ದನ್ನ ಅವರು ಇಟ್ಕೊಳ್ಳಿ ಅಂತ ಮಾಡಿದ್ರೆ ಇವರದ್ದನ್ನ ಅವರು, ಅವರದ್ದನ್ನ ಇವರು" ಎಂದು ಗೊಣಗಿದ.

"ಗೊಣಗಬೇಡಿ" ಎಂದಳು ಹೆಂಡತಿ. "ಇಷ್ಟು ವರ್ಷದಲ್ಲಿ ನಾನು ಕೇಳಿದ ಒಳ್ಳೆ ಸುದ್ದಿ ಇದು."

ಆ ವಾರಗಳಲ್ಲಿ ಅವಳಿಗೆ ಆಯಾಸ ಹೆಚ್ಚಾಗಿತ್ತು. ಡಯಾಲಿಸಿಸ್ ಮುಗಿದರೆ ನೇರ ಮನೆಗೆ ಹೋಗುತ್ತಿದ್ದಳು. ಒಂದು ಶನಿವಾರ ಮಧ್ಯಾಹ್ನ, ಯಂತ್ರದ ಪಕ್ಕದಿಂದ ಎದ್ದವಳು ಗಂಡನ ತೋಳು ಹಿಡಿದು, "ಇವತ್ತು ಫಾದರ್ ಪೂಜೆ ಇದೆಯಲ್ಲ, ಹೋಗೋಣ" ಎಂದಳು.

"ನಿನಗೆ ಕಷ್ಟ ಆಗಬಹುದು" ಎಂದ ಅವನು. ಅವನು ಹೇಳಿದ್ದು ದೇಹದ ಕಷ್ಟವನ್ನಲ್ಲ.

"ಆಗಲಿ. ನಿಮ್ಮ ಮೇಜು ನೋಡ್ಬೇಕು."

ಇಬ್ಬರೂ ಹಿಂದಿನ ಬೆಂಚಿನಲ್ಲಿ ಕೂತರು. ರೋಗಿಗಳು, ದಾದಿಯರು, ಗಾಲಿಕುರ್ಚಿಯ ಒಬ್ಬ ಮುದುಕ, ಕೋಣೆ ತುಂಬಿತ್ತು. ಪಾಸ್ಟರ್ ಕೂಡ ಬಂದು ಬಾಗಿಲ ಬಳಿ ಕೂತಿದ್ದರು. ಪರಮಪ್ರಸಾದದ ಹೊತ್ತು ಬಂತು. ಬಡಗಿ ಏಳಲೋ ಬೇಡವೋ ಎಂದು ತಡವರಿಸಿದ. ಅವಳು ಅವನ ಬೆನ್ನಿಗೆ ಮೆಲ್ಲಗೆ ಕೈಯಿಟ್ಟು, "ಹೋಗಿ, ನಿಮ್ಮ ಪಾಲಿನದನ್ನ ಯಾಕೆ ಬಿಡ್ತೀರಿ" ಎಂದಳು. ಅವನು ಹೋಗಿ ಬಾಯಿಗೆ ತೆಗೆದುಕೊಂಡು ಬಂದ.

ಪೂಜೆ ಮುಗಿಯಿತು. ಜನ ಏಳುತ್ತಿರುವಾಗ ಫಾದರ್ ಮೇಲುಡುಪನ್ನೂ ಬಿಚ್ಚದೆ ಹಿಂದಿನ ಬೆಂಚಿನವರೆಗೆ ನಡೆದು ಬಂದು, ಅವಳ ಮುಂದೆ ನಿಂತರು. ಅವರ ಮುಖದಲ್ಲಿ ಎಂದಿನ ನಗು ಇರಲಿಲ್ಲ.

"ಟೀಚರಮ್ಮ, ಎಲ್ಲರಿಗೂ ಕೊಟ್ಟೆ, ನಿಮಗೆ ಕೊಡೋಕಾಗಲಿಲ್ಲ. ನಾನು ನಂಬಿರೋದನ್ನ ಬಿಟ್ಟು ಕೊಡೋಕೆ ಬರಲ್ಲ. ಆದ್ರೆ ಇದು ನನಗೂ ನೋವು. ಇದನ್ನ ನಿಮಗೆ ಹೇಳದೆ ಹೋಗಬಾರದು ಅನ್ನಿಸ್ತು."

ಬಾಗಿಲ ಬಳಿಯಿಂದ ಪಾಸ್ಟರ್ ಎದ್ದು ಬಂದು ಪಕ್ಕದಲ್ಲಿ ನಿಂತರು. ಅವಳು ಇಬ್ಬರನ್ನೂ ನೋಡಿದಳು. ಪಾಠ ಒಪ್ಪಿಸಲು ಬಾರದೆ ನಿಂತ ಹುಡುಗರನ್ನು ಅಷ್ಟು ವರ್ಷ ಹೇಗೆ ನೋಡಿದ್ದಳೋ, ಹಾಗೆಯೇ, ಸಿಟ್ಟಿಲ್ಲದೆ.

"ಪರವಾಗಿಲ್ಲ ಫಾದರ್. ನಮ್ಮ ಅತ್ತೆ ಕಾಲದಲ್ಲಿ ನೀರು ಒಂದೇ ಅಂತ ಗೊತ್ತಾಯ್ತು. ಈಗ ಮೇಜೂ ಒಂದಾಯ್ತು. ಇನ್ನು ಊಟ ತಾನೇ ಬಾಕಿ? ಬರುತ್ತೆ. ನಾನು ಕಾಯ್ತೀನಿ."

ಫಾದರ್ ಅವಳ ತೋಳಿನ ಮೇಲಿದ್ದ ಬ್ಯಾಂಡೇಜು ನೋಡಿದರು. "ತುಂಬ ದಿನ ಆಗಬಹುದು, ಟೀಚರಮ್ಮ" ಎಂದರು ಮೆಲ್ಲಗೆ.

"ಆಗಲಿ ಬಿಡಿ. ನಾನಿಲ್ಲದಿದ್ರೆ ಇವರು ಕಾಯ್ತಾರೆ" ಎಂದು ಅವಳು ಗಂಡನ ಕಡೆ ತೋರಿಸಿದಳು. "ನನ್ನ ಜಾಗ ಯಾರಿಗೂ ಕೊಡದೆ ಹಿಡಿದಿರ್ತಾರೆ."

ಮೂಲೆಮಟ್ಟ ಬೆಂಚಿನಲ್ಲಿ ಅವಳ ಪಕ್ಕ, ಇನ್ನೂ ಸ್ವಲ್ಪ ಹತ್ತಿರ ಸರಿದು ಕೂತ.